ಹುತ್ತದ ಗುರುತಿಲ್ಲದವರು ಅಣಬೆಗೆ ಹೋಗಬೇಡಿ

ಜೂನ್ ಶುರುವಾದರೆ ಸಾಕು, ನನ್ನ ವಾಟ್ಸಾಪ್‌ಗೆ ಒಂದು ಪೋಸ್ಟರ್ ಬಂದು ಬೀಳುತ್ತೆ. ಹಸಿರು ಹಿನ್ನೆಲೆ, ಬಿದಿರಿನ ಬುಟ್ಟಿ, ಬುಟ್ಟಿ ತುಂಬ ಅಣಬೆ, ಮೇಲೆ ದೊಡ್ಡ ಅಕ್ಷರದಲ್ಲಿ ‘ವೈಲ್ಡ್ ಮಶ್ರೂಮ್ ಫೊರೇಜಿಂಗ್ ವೀಕೆಂಡ್’. ಶುಕ್ರವಾರ ರಾತ್ರಿ ಬೆಂಗಳೂರಿಂದ ಟೆಂಪೋ ಟ್ರಾವೆಲರ್, ಶನಿವಾರ ಕಾಡು, ಭಾನುವಾರ ಅಡುಗೆ, ಸೋಮವಾರ ಬೆಳಿಗ್ಗೆ ಲಾಗಿನ್. ತಲೆಗೆ ಆರೂವರೆ ಸಾವಿರ. ಈ ವರ್ಷ ಕಳಿಸಿದ್ದು ನನ್ನ ಟೀಮಿನ ಗೆಳೆಯ. “ನೀನು ಮಲ್ನಾಡವನಲ್ವಾ ಗುರು, ನೀನೂ ಬಾ, ನಮಗೆ ಫ್ರೀ ಗೈಡ್ ಸಿಕ್ಕಂಗಾಗುತ್ತೆ” ಅಂತ ಕೆಳಗೊಂದು ಸಾಲು.

ನಾನು ಬರಲ್ಲ, ನೀನೂ ಹೋಗಬೇಡ ಅಂದೆ.

“ಯಾಕೆ? ನಿಮ್ಮೂರ ಕಾಡು ನಿಮಗೊಬ್ಬರಿಗೇನಾ?” ಅಂದ.

ಕಾಫಿ ಮೆಷಿನ್ ಮುಂದೆ ನಿಂತು ಅದಕ್ಕೆ ಸರಿಯಾದ ಉತ್ತರ ಕೊಡೋಕೆ ಆಗಲಿಲ್ಲ. ಹಾಗಾಗಿ ಇಲ್ಲಿ ಕೊಡ್ತಿದ್ದೀನಿ. ಸ್ವಲ್ಪ ಉದ್ದವಾಗುತ್ತೆ, ಸ್ವಲ್ಪ ಖಾರವಾಗಿಯೂ ಇರುತ್ತೆ.

ಮೊದಲು ನನ್ನ ಅಜ್ಜಿಯ ವಿಷಯ. ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. ಮೃಗಶಿರ ಮಳೆ ಹಿಡಿದು, ನಾಲ್ಕು ದಿನ ಸುರಿದು, ನಡುವೆ ಒಂದು ದಿನ ಹೊಳವಾಗಿ, ರಾತ್ರಿ ಗುಡುಗಿದರೆ ಮಾರನೇ ದಿನ ಅಜ್ಜಿ ಕಂಬಳಿಕೊಪ್ಪೆ ಹಾಕಿಕೊಂಡು ಸೊಪ್ಪಿನಬೆಟ್ಟಕ್ಕೆ ಹೊರಡೋರು. ಗುಡುಗಿಗೆ ಅಣಬೆ ಏಳುತ್ತೆ ಅನ್ನೋದು ಊರಿನ ನಂಬಿಕೆ. ಅಜ್ಜಿಗೆ ಅಣಬೆ ಗೊತ್ತಿತ್ತು ಅಂತ ನಾನು ಬಹಳ ವರ್ಷ ಅಂದುಕೊಂಡಿದ್ದೆ. ತಪ್ಪು. ಅಜ್ಜಿಗೆ ಗೊತ್ತಿದ್ದದ್ದು ಹುತ್ತ. ಅವರ ಲೆಕ್ಕದಲ್ಲಿ ಏಳು ಜಾಗ ಇದ್ದವು. ಹಲಸಿನ ಮರದ ಕೆಳಗಿನದು, ಚೌಡಿ ಬನದ ಬದಿಯದು, ಗದ್ದೆ ಅಂಚಿನದು, ಹೀಗೆ. ಯಾವುದರಲ್ಲಿ ಮೊದಲು ಏಳುತ್ತೆ, ಯಾವುದರಲ್ಲಿ ಹದಿನೈದು ದಿನ ತಡ, ಯಾವುದು ಹೋದ ವರ್ಷ ಏಳಲಿಲ್ಲ, ಎಲ್ಲ ಬಾಯಲ್ಲಿ. ಆ ಏಳು ಬಿಟ್ಟು ಎಂಟನೇ ಜಾಗದ ಅಣಬೆ ನಮ್ಮನೆ ಒಲೆ ಏರಿದ್ದು ನನಗೆ ನೆನಪಿಲ್ಲ.

ಹತ್ತು ವರ್ಷದ ಹುಡುಗನಾಗಿದ್ದಾಗ ನಾನೇ ಒಂದು ಟೊಪ್ಪಿ ತುಂಬ ಕಿತ್ತು ತಂದಿದ್ದೆ. ಬೆಳ್ಳಗೆ, ಕೊಡೆ ಬಿಚ್ಚಿ, ನೋಡೋಕೆ ನಮ್ಮನೆ ಅಣಬೆ ಥರಾನೇ. ಅಜ್ಜಿ ಅದನ್ನು ಮೂಸಲಿಲ್ಲ, ತಿರುಗಿಸಿ ನೋಡಲಿಲ್ಲ. ಎಲ್ಲಿ ಸಿಕ್ತು ಅಂತ ಒಂದೇ ಪ್ರಶ್ನೆ. ಆಚೆ ದಿಬ್ಬದ ನೆಲ್ಲಿಮರದ ಹತ್ರ ಅಂದೆ. ಟೊಪ್ಪಿ ಸಮೇತ ಗೊಬ್ಬರದ ಗುಂಡಿಗೆ ಹಾಕಿದರು. “ಅಲ್ಲಿ ನಮಗೆ ಗುರ್ತಿಲ್ಲ ಮಗಾ” ಅಂದರು. ಟೊಪ್ಪಿಗೋಸ್ಕರ ನಾನು ಅತ್ತದ್ದು ಬೇರೆ ವಿಷಯ.

ಇದರಲ್ಲಿ ಮೂಢನಂಬಿಕೆ ಏನೂ ಇಲ್ಲ. ನಮ್ಮ ಕಡೆ ಮಳೆಗಾಲದಲ್ಲಿ ಜನ ಹುಡುಕಿಕೊಂಡು ಹೋಗುವ ಈ ಹುತ್ತದ ಅಣಬೆ ಟರ್ಮಿಟೊಮೈಸಿಸ್ ಎಂಬ ಕುಲಕ್ಕೆ ಸೇರಿದ್ದು. ಗೆದ್ದಲು ಹುಳುಗಳು ತರಗೆಲೆ, ಒಣಕಟ್ಟಿಗೆ ತಿಂದು, ತಮ್ಮ ಹಿಕ್ಕೆಯಿಂದ ನೆಲದೊಳಗೆ ಜೇನುತಟ್ಟಿಯಂಥ ತಟ್ಟಿ ಕಟ್ಟುತ್ತವೆ. ಅದರ ಮೇಲೆ ಈ ಶಿಲೀಂಧ್ರ ಬೆಳೆಯುತ್ತೆ. ಗೆದ್ದಲಿಗೆ ಅರಗದ ಮರದ ಅಂಶವನ್ನು ಅದು ಕರಗಿಸಿ ಕೊಡುತ್ತೆ. ಸುಮಾರು 3 ಕೋಟಿ ವರ್ಷಗಳಿಂದ ನಡೆಯುತ್ತಿರುವ ಬೇಸಾಯ ಇದು. ಮಳೆ ಬಿದ್ದು ನೆಲ ನೆನೆದಾಗ ಆ ತಟ್ಟಿಯಿಂದ ಬೇರಿನ ಹಾಗೆ ಉದ್ದನೆಯ ದಂಟು ಹೊರಟು, ಚೂಪು ನೆತ್ತಿಯಿಂದ ಮಣ್ಣು ಸೀಳಿ, ಮೇಲೆ ಬಂದು ಕೊಡೆ ಬಿಚ್ಚುತ್ತೆ. ಬಟನ್ ಮಶ್ರೂಮ್, ಚಿಪ್ಪಣಬೆಗಳನ್ನು ಶೆಡ್ಡಿನಲ್ಲಿ ಬೆಳೆದ ಹಾಗೆ ಇದನ್ನು ವ್ಯಾಪಾರಕ್ಕಾಗುವಷ್ಟು ಬೆಳೆಯಲು ಇವತ್ತಿಗೂ ಆಗಿಲ್ಲ. ಗೆದ್ದಲಿಲ್ಲದೆ ಇದಿಲ್ಲ. ಅಂದರೆ ಹೋದ ವರ್ಷ ಎದ್ದ ಜಾಗದಲ್ಲೇ ಈ ವರ್ಷವೂ ಅದೇ ಅಣಬೆ ಏಳುತ್ತೆ ಅನ್ನೋ ಅಜ್ಜಿಯ ಲೆಕ್ಕಕ್ಕೆ ನೆಲದ ಕೆಳಗೆ ಒಂದು ಗಟ್ಟಿ ಕಾರಣ ಇತ್ತು.

ನಾನು ಹೇಳೋಕೆ ಹೊರಟಿರೋದು ಇಷ್ಟೇ: ಅಣಬೆಯ ತಿಳಿವಳಿಕೆ ಅನ್ನೋದು ಒಂದು ವಸ್ತುವಿನ ತಿಳಿವಳಿಕೆ ಅಲ್ಲ, ಒಂದು ಜಾಗದ ತಿಳಿವಳಿಕೆ. ಅದನ್ನು ವೀಕೆಂಡಿನಲ್ಲಿ ಕಲಿಸೋಕೆ ಆಗಲ್ಲ, ಬ್ಯಾಗಿನಲ್ಲಿ ಹಾಕ್ಕೊಂಡು ಬೇರೆ ಊರಿಗೆ ಒಯ್ಯೋಕೂ ಆಗಲ್ಲ.

ಒಯ್ಯೋಕೆ ಹೋಗಿ ನಾನೇ ಆಸ್ಪತ್ರೆ ಸೇರಿದ್ದೇನೆ. ಬೆಂಗಳೂರಿಗೆ ಬಂದ ಹೊಸತು. ಅಪಾರ್ಟ್‌ಮೆಂಟಿನ ಹುಲ್ಲುಹಾಸಿನ ಮೇಲೆ ಮಳೆ ಬಂದ ಮಾರನೇ ದಿನ ಬೆಳ್ಳನೆ ಕೊಡೆಗಳು ಎದ್ದಿದ್ದವು. ಮಲ್ನಾಡವನಿಗೆ ಅಣಬೆ ಹೇಳಿಕೊಡ್ತೀರಾ ಅನ್ನೋ ಧಿಮಾಕಿನಲ್ಲಿ ಕಿತ್ತು, ಈರುಳ್ಳಿ ಹಾಕಿ ಹುರಿದು, ಅನ್ನದ ಜೊತೆ ತಿಂದೆ. ಎರಡು ಗಂಟೆ ಆಗಿರಲಿಲ್ಲ, ಶುರುವಾಯ್ತು. ವಾಂತಿ, ಭೇದಿ, ಕೊನೆಗೆ ಬಚ್ಚಲಿನಿಂದ ಎದ್ದು ಬರೋಕೂ ತ್ರಾಣ ಇಲ್ಲ. ರೂಮ್‌ಮೇಟ್ ಆಟೋದಲ್ಲಿ ಹಾಕ್ಕೊಂಡು ಹೋದ. ಬೆಳಗಿನವರೆಗೆ ಡ್ರಿಪ್. ಆಮೇಲೆ ತಿಳಿದದ್ದು, ಅದು ಕ್ಲೋರೊಫಿಲಮ್ ಮಾಲಿಬ್ಡೈಟಿಸ್ ಅಂತ. ಹುಲ್ಲುಹಾಸು ಅಂದ್ರೆ ಅದಕ್ಕೆ ಪ್ರಾಣ. ಎಳೆಯದಿದ್ದಾಗ ಕೊಡೆಯ ಕೆಳಗಿನ ಪದರಗಳು ಬಿಳಿ, ಬಲಿತ ಮೇಲೆ ಹಸಿರು ಛಾಯೆ. ನಾನು ಕಿತ್ತದ್ದು ಎಳೆಯವನ್ನು. ನಮ್ಮೂರ ಹುತ್ತದ ಮೇಲೆ ಅದು ಏಳಲ್ಲ, ಅಜ್ಜಿಯ ಪಾಠದಲ್ಲಿ ಅದರ ಹೆಸರೂ ಇರಲಿಲ್ಲ.

ಡಾಕ್ಟರು ಒಂದು ಮಾತು ಹೇಳಿದರು, ಇವತ್ತಿಗೂ ಮರೆತಿಲ್ಲ. “ಬೇಗ ವಾಂತಿ ಆಯ್ತಲ್ಲ, ನಿಮ್ಮ ಅದೃಷ್ಟ. ತಡವಾಗಿ ಶುರುವಾಗೋದಕ್ಕೆ ನಾವು ಹೆದರೋದು.” ಅಮಾನಿಟಾ ಕುಲದ ಕೆಲವು ಅಣಬೆಗಳಲ್ಲಿ ಅಮಾಟಾಕ್ಸಿನ್ ಅನ್ನೋ ವಿಷ ಇರುತ್ತೆ. ತಿಂದು ಆರು ಗಂಟೆ, ಹನ್ನೆರಡು ಗಂಟೆ ಏನೂ ಆಗಲ್ಲ. ಆಮೇಲೆ ವಾಂತಿಭೇದಿ. ಮರುದಿನ ಸ್ವಲ್ಪ ಸುಧಾರಿಸಿದ ಹಾಗೆ ಅನಿಸುತ್ತೆ, ಜನ ಸಮಾಧಾನ ಮಾಡಿಕೊಳ್ತಾರೆ. ಅಷ್ಟರಲ್ಲಿ ಅದು ಒಳಗೊಳಗೇ ಲಿವರ್ ತಿನ್ನುತ್ತಿರುತ್ತೆ. ಕುದಿಸಿದರೂ, ಹುರಿದರೂ, ಒಣಗಿಸಿದರೂ ಆ ವಿಷ ಹೋಗಲ್ಲ. ಬೆಳ್ಳಿ ಚಮಚ ಕಪ್ಪಾದರೆ ವಿಷ, ಬೆಳ್ಳುಳ್ಳಿ ಬಣ್ಣ ತಿರುಗಿದರೆ ವಿಷ, ಹುಳ ತಿಂದಿದ್ದರೆ ಒಳ್ಳೇದು, ಹೀಗೆ ನಾಲ್ಕು ಕಡೆ ಕೇಳಿರ್ತೀರಲ್ಲ, ಎಲ್ಲ ಸುಳ್ಳು. ಮನುಷ್ಯನ ಲಿವರ್ರೇ ಬೇರೆ, ಹುಳದ ಹೊಟ್ಟೆಯೇ ಬೇರೆ.

“ಆ್ಯಪ್ ಇದೆಯಲ್ಲ ಗುರು” ಅಂತೀರಿ. ಇದೆ. ಆಸ್ಟ್ರೇಲಿಯಾದ ವಿಷತಜ್ಞರು ಅಣಬೆ ಗುರುತಿಸುವ ಮೂರು ಆ್ಯಪ್‌ಗಳನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರರಲ್ಲಿ ಮುಂದಿದ್ದ ಆ್ಯಪ್ ಸರಿಯಾಗಿ ಹೇಳಿದ್ದು ಸುಮಾರು ಅರ್ಧದಷ್ಟನ್ನು ಮಾತ್ರ. ಅರ್ಧಕ್ಕರ್ಧ ಸರಿಯಿರೋ ಕೋಡನ್ನು ನೀವು ಪ್ರೊಡಕ್ಷನ್‌ಗೆ ಹಾಕ್ತೀರಾ? ಹೊಟ್ಟೆಗೆ ಹಾಕ್ತೀರಿ. ಅಲ್ಲಿ ರೋಲ್‌ಬ್ಯಾಕ್ ಇಲ್ಲ. ಅದೇ ವರ್ಷ ಆನ್‌ಲೈನಿನಲ್ಲಿ ಮಾರಾಟಕ್ಕಿದ್ದ ಕೆಲವು ಅಣಬೆ ಕೈಪಿಡಿಗಳು ಎಐ ಬರೆದಂತಿವೆ, ನಂಬಿದರೆ ಜೀವಕ್ಕೆ ಅಪಾಯ ಅಂತ ನ್ಯೂಯಾರ್ಕಿನ ಅಣಬೆ ಆಸಕ್ತರ ಸಂಘವೇ ಎಚ್ಚರಿಸಬೇಕಾಯ್ತು.

ಇಷ್ಟಕ್ಕೂ ಅಣಬೆ ವಿಷಕ್ಕೆ ನಮ್ಮ ದೇಶದಲ್ಲಿ ಸಾಯ್ತಿರೋರು ಯಾರು? 2022ರ ಏಪ್ರಿಲ್‌ನಲ್ಲಿ ಅಸ್ಸಾಂನಲ್ಲಿ ಕೆಲವೇ ದಿನಗಳಲ್ಲಿ 13 ಜನ ಸತ್ತರು. ಬಹುಪಾಲು ಚಹಾ ತೋಟಗಳ ಕಡೆಯ ಬಡವರು. ಸಾರಿಗೆ ಏನಾದರೂ ಸಿಕ್ಕೀತು ಅಂತ ಕಿತ್ತು ತಂದವರು. ಅವರಿಗೆ ಅದು ಒಂದು ಹೊತ್ತಿನ ಊಟ. ನಮಗೆ ರೀಲ್ಸ್. ಅದೇ ಅಪಾಯವನ್ನು ನಾವು ದುಡ್ಡು ಕೊಟ್ಟು, ಟೀ ಶರ್ಟ್ ಹಾಕ್ಕೊಂಡು, ‘ಎಕ್ಸ್‌ಪೀರಿಯನ್ಸ್’ ಅಂತ ಕೊಂಡುಕೊಳ್ತೀವಿ.

“ಯುರೋಪಿನಲ್ಲಿ ಎಲ್ಲರೂ ಮಾಡ್ತಾರಲ್ಲ?” ಇದು ನನ್ನ ಗೆಳೆಯನ ಎರಡನೇ ಬಾಣ. ಆನ್‌ಸೈಟ್ ಅಂತ ಆರು ತಿಂಗಳು ಅಲ್ಲಿದ್ದು ಬಂದವನು. ಮಾಡ್ತಾರೆ, ನಿಜ. ಆದರೆ ಹೇಗೆ ಮಾಡ್ತಾರೆ ನೋಡಿ. ಸ್ವಿಟ್ಜರ್‌ಲೆಂಡಿನಲ್ಲಿ ತರಬೇತಿ ಪಡೆದು ಪರೀಕ್ಷೆ ಪಾಸಾದ ಅಣಬೆ ಪರೀಕ್ಷಕರು ಅನೇಕ ಊರುಗಳಲ್ಲಿ ಇದ್ದಾರೆ. ಕಾಡಿನಿಂದ ಬಂದವರು ಬುಟ್ಟಿಯನ್ನು ಅವರ ಮುಂದೆ ಸುರಿದು, ಅವರು ಸರಿ ಅಂದದ್ದನ್ನು ಮಾತ್ರ ಮನೆಗೆ ಒಯ್ತಾರೆ. ಫ್ರಾನ್ಸಿನಲ್ಲಿ ಫಾರ್ಮಸಿ ಓದುವವರಿಗೆ ಅಣಬೆ ಗುರುತಿಸೋದು ಪಾಠದಲ್ಲೇ ಇದೆ. ಜನ ಔಷಧಿ ಅಂಗಡಿಗೆ ಅಣಬೆ ಒಯ್ದು ತೋರಿಸೋ ರೂಢಿ ಇದೆ. ನಾವು ಅಲ್ಲಿಂದ ತಂದದ್ದು ಬುಟ್ಟಿಯನ್ನು ಮಾತ್ರ. ಬುಟ್ಟಿ ನೋಡೋ ಪರೀಕ್ಷಕನನ್ನು ಅಲ್ಲೇ ಬಿಟ್ಟು ಬಂದೆವು. ನಮ್ಮಲ್ಲಿ ಆ ಪರೀಕ್ಷಕರು ಯಾರು ಅಂದರೆ, ಊರಿನ ಅಜ್ಜಿಯರು. ಅವರ ಸರ್ಟಿಫಿಕೇಟು ಏಳು ಹುತ್ತಗಳಿಗೆ ಮಾತ್ರ.

ನನ್ನ ವಾದಕ್ಕೆ ಅನುಕೂಲ ಅಲ್ಲದ ಒಂದು ಸಂಗತಿಯನ್ನೂ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮೋಸ ಆಗುತ್ತೆ. ಅಣಬೆ ಕಿತ್ತರೆ ಅಣಬೆ ನಾಶವಾಗುತ್ತೆ ಅಂತ ಪರಿಸರದ ಗೆಳೆಯರು ಹೇಳ್ತಾರಲ್ಲ, ಅದು ಅಷ್ಟು ನೇರ ಅಲ್ಲ. ಅದೇ ಸ್ವಿಟ್ಜರ್‌ಲೆಂಡಿನ ಒಂದು ಕಾಡಿನಲ್ಲಿ 1975ರಿಂದ 29 ವರ್ಷ ಲೆಕ್ಕ ಇಟ್ಟು ನೋಡಿದರು. ಕಿತ್ತ ಕಡೆಯೂ, ಕೀಳದ ಕಡೆಯೂ ಮುಂದಿನ ಬೆಳೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಮಾವಿನಹಣ್ಣು ಕಿತ್ತರೆ ಮರ ಸಾಯಲ್ವಲ್ಲ, ಹಾಗೆ. ಆದರೆ ಅದೇ ಅಧ್ಯಯನದಲ್ಲಿ ಜನ ಓಡಾಡಿ ತುಳಿದ ಕಡೆ ಅಣಬೆ ಏಳೋದು ಕಮ್ಮಿಯಾಗಿತ್ತು. ಕೈಯಿಂದ ಆದ ನಷ್ಟ ಅಲ್ಲ, ಕಾಲಿಂದ ಆದದ್ದು. ಅಜ್ಜಿ ಹೋಗ್ತಿದ್ದದ್ದು ಒಬ್ಬರೇ, ಹೆಚ್ಚಂದರೆ ಇಬ್ಬರು. ಟೆಂಪೋ ಟ್ರಾವೆಲರಿನಿಂದ ಇಳಿಯೋದು ಹದಿನೆಂಟು ಜೊತೆ ಟ್ರೆಕಿಂಗ್ ಶೂ.

ನಮ್ಮ ಅಣಬೆಯ ವಿಷಯದಲ್ಲಿ ತುಳಿಯೋದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ, ಅಗೆಯೋದು. ಈಗ ಹೇಳೋ ಘಟನೆಯಲ್ಲಿ ತಪ್ಪು ನನ್ನದು.

ವರ್ಕ್ ಫ್ರಮ್ ಹೋಮ್ ಅಂತ ಒಂದು ಮಳೆಗಾಲ ಪೂರ್ತಿ ಊರಲ್ಲಿದ್ದೆ. ಅಷ್ಟು ಹೊತ್ತಿಗೆ ಅಜ್ಜಿ ತೀರಿಕೊಂಡು ವರ್ಷಗಳಾಗಿದ್ದವು. ಅವರ ಏಳು ಹುತ್ತ ಪಕ್ಕದ ಕೇರಿಯ ಅಕ್ಕನ ಪಾಲಿಗೆ ಬಂದಿತ್ತು. ಅಜ್ಜಿಯ ಜೊತೆ ಇಪ್ಪತ್ತು ವರ್ಷ ಬೆಟ್ಟ ಹತ್ತಿದವರು ಅವರೇ. ಜಾಗದ ಪಹಣಿಯಲ್ಲಿ ಅವರ ಹೆಸರಿಲ್ಲ. ಆದರೂ ಚೌಡಿ ಬನದ ಬದಿಯ ಹುತ್ತ ಅವರದು ಅಂತ ಊರಿಗೇ ಗೊತ್ತಿತ್ತು, ಯಾರೂ ಕೈ ಹಾಕ್ತಿರಲಿಲ್ಲ. ಮನೆಗಾಗುವಷ್ಟು ಇಟ್ಟುಕೊಂಡು ಉಳಿದದ್ದನ್ನು ಎಲೆಯಲ್ಲಿ ಕಟ್ಟಿ ಹೆದ್ದಾರಿ ಬದಿಯಲ್ಲಿ ಮಾರೋರು. ಶಾಲೆ ಶುರುವಾಗೋ ತಿಂಗಳು ಅದು. ಮಕ್ಕಳ ನೋಟ್‌ಬುಕ್ಕು, ಕೊಡೆ, ಸಮವಸ್ತ್ರದ ಹೊಲಿಗೆ, ಎಲ್ಲ ಆ ಮೂರು ವಾರದ ದುಡ್ಡಿನಲ್ಲಿ.

ಒಂದು ದಿನ ಅವರ ಜೊತೆ ಹೋದೆ. ಹುತ್ತದ ಸುತ್ತ ನೂರಾರು ಕೊಡೆ ಬಿಚ್ಚಿದ್ದವು. ವಿಡಿಯೋ ಮಾಡಿದೆ, ಹಿನ್ನೆಲೆಗೆ ಮಳೆಯ ಹಾಡು ಹಾಕಿದೆ, ಲೊಕೇಶನ್ ಸಮೇತ ಇನ್‌ಸ್ಟಾಗ್ರಾಂಗೆ ಹಾಕಿದೆ. ನನ್ನ ಅಕೌಂಟಿನಲ್ಲಿ ಅಷ್ಟು ಜನ ನೋಡಿದ್ದು ಅದೊಂದೇ. ಕೆಳಗೆ ಕೇಳಿದವರಿಗೆಲ್ಲ ದಾರಿಯನ್ನೂ ಹೇಳಿದೆ, ಬಸ್‌ಸ್ಟಾಪಿನಿಂದ ಎಷ್ಟು ದೂರ, ಯಾವ ತಿರುವು ಅಂತ. ಊರಿನ ಅಭಿಮಾನ ನೋಡಿ.

ಮುಂದಿನ ಜೂನ್‌ನಲ್ಲಿ ಎರಡು ಕಾರು ಬಂದಿದ್ದವಂತೆ. ಭಾನುವಾರ. ಅಕ್ಕ ಸೋಮವಾರ ಹೋಗಿ ನೋಡಿದರೆ ಹುತ್ತವನ್ನು ಹಾರೆ ಹಾಕಿ ಎಬ್ಬಿಸಿದ್ದರು. ದಂಟು ಉದ್ದ ಇರುತ್ತಲ್ಲ, ಪೂರ್ತಿ ಬರಲಿ ಅಂತ ಅಗೆದರೋ, ಒಳಗೆ ಇನ್ನೂ ಇದೆ ಅಂತ ಅಗೆದರೋ ಗೊತ್ತಿಲ್ಲ. ನಾನು ಊರಿಗೆ ಹೋದಾಗ ಗೆದ್ದಲಿನ ತಟ್ಟಿಗಳು ಪುಡಿಯಾಗಿ ಮಳೆಗೆ ಕರಗುತ್ತಾ ಬಿದ್ದಿದ್ದವು. ನನ್ನ ವಿಡಿಯೋ ನೋಡಿಯೇ ಬಂದರು ಅಂತ ಸಾಬೀತು ಮಾಡೋಕೆ ನನ್ನ ಹತ್ರ ಏನೂ ಇಲ್ಲ. ಅಲ್ಲ ಅಂತ ಹೇಳೋ ಧೈರ್ಯವೂ ನನಗಿಲ್ಲ. ಅಕ್ಕ ಬೈಯಲಿಲ್ಲ. “ಇನ್ನಿಲ್ಲಿ ಏಳಲ್ಲ ಬಿಡು ತಮ್ಮಾ” ಅಂದರು, ಅಷ್ಟೇ. ಎದ್ದೂ ಇಲ್ಲ.

ಆ ದಿನ ನನಗೆ ಒಂದು ಅರ್ಥವಾಯ್ತು. ಅಣಬೆ ಆರಿಸೋರು ಜಾಗ ಹೇಳಲ್ಲ ಅಂತ ನಾವು ನಗಾಡ್ತೀವಿ, ಹಳ್ಳಿಯವರ ಜಿಪುಣತನ ಅಂತೀವಿ. ಪಹಣಿ ಇಲ್ಲದವರ ಪಹಣಿ ಅದು. ಹೇಳದೇ ಇರೋದೇ ಅವರ ಹಕ್ಕುಪತ್ರ. ಅದನ್ನು ನಾನು ಲೈಕಿಗೆ ಮಾರಿದೆ.

ಈಗ ಗೆಳೆಯನ ಪ್ರಶ್ನೆಗೆ ಬರ್ತೀನಿ. ಕಾಡು ಯಾರದ್ದು? ನನ್ನದಂತೂ ಅಲ್ಲ. ಮಲ್ನಾಡಲ್ಲಿ ಹುಟ್ಟಿದೆ ಅನ್ನೋದು ನನಗೆ ಯಾವ ಹಕ್ಕನ್ನೂ ಕೊಡಲ್ಲ. ಕಾನೂನಿನ ಮಾತು ಬೇಕಾದರೆ, ಅಭಯಾರಣ್ಯದೊಳಗಿಂದ ಅನುಮತಿಯಿಲ್ಲದೆ ಅರಣ್ಯ ಉತ್ಪನ್ನ ತೆಗೆಯೋದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ತಡೆಯುತ್ತೆ. ಕಿರು ಅರಣ್ಯ ಉತ್ಪನ್ನದ ಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ಹಕ್ಕು ಕೊಟ್ಟಿರೋದು ಕಾಡನ್ನೇ ನಂಬಿ ಬದುಕೋರಿಗೆ, ಆರೂವರೆ ಸಾವಿರ ಕೊಟ್ಟು ಟಿಕೆಟ್ ತಗೊಂಡವರಿಗಲ್ಲ.

ಇನ್ನೊಂದು ಮಾತು ಮುಚ್ಚಿಡೋದು ಬೇಡ. ಮನುಸ್ಮೃತಿ ಬೆಳ್ಳುಳ್ಳಿ, ಈರುಳ್ಳಿಯ ಸಾಲಿನಲ್ಲೇ ಅಣಬೆಯನ್ನೂ ತಿನ್ನಬಾರದ್ದು ಅಂತ ಸೇರಿಸಿದೆ. ನಾನು ಶಾಲೆಗೆ ಹೋಗ್ತಿದ್ದಾಗ ಬುತ್ತಿಯಲ್ಲಿ ಅಣಬೆ ಪಲ್ಯ ಇದ್ದರೆ ಪಕ್ಕದ ಹುಡುಗ ಎದ್ದು ಬೇರೆ ಬೆಂಚಿಗೆ ಹೋಗ್ತಿದ್ದ. ಕಾಡು ಸೊಪ್ಪು, ಕಳಲೆ, ಏಡಿ, ಅಣಬೆ ಅಂದರೆ ಇಲ್ಲದವರ ಊಟ. ಈಗ ಅದೇ ಊಟ ‘ವೈಲ್ಡ್’, ‘ಆರ್ಗ್ಯಾನಿಕ್’, ‘ಹೈಪರ್‌ಲೋಕಲ್’. ಊಟದ ಹೆಸರು ಮೇಲಕ್ಕೆ ಹೋಯ್ತು, ತಟ್ಟೆ ಕೈ ಬದಲಾಯಿಸಿತು. ಆರಿಸಿದ ಕೈಗೆ ಬಂದದ್ದೇನು? ಅದೇ ಟೆಂಪೋ ಟ್ರಾವೆಲರ್ ಹೆದ್ದಾರಿ ಬದಿಯಲ್ಲಿ ನಿಲ್ಲುತ್ತೆ. ಕೊಡೆ ಹಿಡಿದು ನೆನೆಯುತ್ತಾ ಕೂತ ಹೆಂಗಸಿನ ಹತ್ರ “ಅಕ್ಕಾ, ಇನ್ನೂರಾ? ನೂರಕ್ಕೆ ಕೊಡಿ, ಕಾಡಲ್ಲಿ ಪುಕ್ಕಟೆ ಸಿಗೋದಲ್ವಾ” ಅನ್ನೋ ಮಾತು ನಾನು ಕಿವಿಯಾರೆ ಕೇಳಿದ್ದೇನೆ. ವಾಕ್‌ಗೆ ಆರೂವರೆ ಸಾವಿರ ಕೊಡೋವಾಗ ಚೌಕಾಸಿ ನೆನಪಾಗಿರಲಿಲ್ಲ. ಕಾಡಲ್ಲಿ ಪುಕ್ಕಟೆ ಸಿಗೋದು ಅಂದರೆ ಏನು? ಜಿಗಣೆ ಪುಕ್ಕಟೆ ಸಿಗುತ್ತೆ. ಹುತ್ತ ಗುರುತಿಟ್ಟುಕೊಳ್ಳೋಕೆ ಇಪ್ಪತ್ತು ವರ್ಷ ಬೇಕು. ಆ ಇನ್ನೂರು ರೂಪಾಯಿ ಆ ಇಪ್ಪತ್ತು ವರ್ಷದ ಕೂಲಿ. ತಪ್ಪಿದರೆ ಜೀವ ಹೋಗುತ್ತೆ ಅನ್ನೋ ಜವಾಬ್ದಾರಿಯ ಕೂಲಿಯೂ ಅದರಲ್ಲೇ ಸೇರಿದೆ. ತನ್ನ ಮಕ್ಕಳಿಗೆ ಉಣ್ಣಿಸಿದ ಹುತ್ತದ್ದನ್ನೇ ನಿಮಗೂ ಕಟ್ಟಿಕೊಡ್ತಿದ್ದಾಳೆ. ಯಾವ ಲ್ಯಾಬ್ ರಿಪೋರ್ಟಿಗೂ ಕಮ್ಮಿಯಿಲ್ಲದ ಮಾತು ಅದು.

ಹಾಗಂತ ಬೆಂಗಳೂರಿನವರು ಅಣಬೆ ನೋಡಲೇಬಾರದು ಅಂತಲ್ಲ. ನೋಡಿ. ಫೋಟೋ ತೆಗೀರಿ, ಲೊಕೇಶನ್ ಆಫ್ ಮಾಡಿ. ಲಾಲ್‌ಬಾಗಿನಲ್ಲಿ ಮಳೆ ನಿಂತ ಮೇಲೆ ಎಷ್ಟೊಂದು ಥರದವು ಏಳುತ್ತವೆ, ಬಗ್ಗಿ ನೋಡಿ, ಹೆಸರು ಕಲೀರಿ. ಕಲಿಯೋದಕ್ಕೆ ತಿನ್ನಲೇಬೇಕು ಅಂತ ಎಲ್ಲಿದೆ? ಹಕ್ಕಿ ನೋಡೋಕೆ ಹೋದವರು ಹಕ್ಕಿ ಹುರಿದು ತಿನ್ನಲ್ಲವಲ್ಲ. ತಿನ್ನಲೇಬೇಕಾ? ಮಳೆಗಾಲದಲ್ಲಿ ಮಲ್ನಾಡಿಗೋ ಕೊಡಗಿಗೋ ಕರಾವಳಿಗೋ ಹೋಗಿ, ರಸ್ತೆ ಬದಿಯಲ್ಲಿ ವರ್ಷ ವರ್ಷ ಕೂರೋರ ಹತ್ರ ಹೇಳಿದ ಬೆಲೆಗೆ ಕೊಳ್ಳಿ. ಅವತ್ತೇ ಅಡುಗೆ ಮಾಡಿ, ಇದು ಇಟ್ಟರೆ ಕೆಡುತ್ತೆ. ಹೇಗೆ ಮಾಡೋದು ಅಂತಲೂ ಅವರನ್ನೇ ಕೇಳಿ. ಇಷ್ಟರ ಮೇಲೂ ನಾನೇ ಕೀಳಬೇಕು ಅಂತಿದ್ದರೆ ಒಂದು ಊರು ಹಿಡಿದು, ಒಬ್ಬ ಅಜ್ಜಿಯ ಹಿಂದೆ ಹತ್ತು ಮಳೆಗಾಲ ನಡೀರಿ. ಆಮೇಲೆ ಅವರು ಹೂಂ ಅಂದರೆ ಕೀಳಿ.

ಗೆಳೆಯ ಕೊನೆಗೆ ಆ ವೀಕೆಂಡ್ ಬಿಟ್ಟು ನಮ್ಮೂರಿಗೆ ಬಂದ. ನನ್ನ ಮಾತಿಗೆ ಒಪ್ಪಿ ಅಲ್ಲ, ನಮ್ಮಮ್ಮನ ಅಕ್ಕಿರೊಟ್ಟಿ ಆಸೆಗೆ. ಹೆದ್ದಾರಿ ಬದಿಯಲ್ಲಿ ಅಕ್ಕ ಕೂತಿದ್ದರು. ಈಗ ಅವರ ಹತ್ರ ಆರೇ ಹುತ್ತ. ಎರಡು ಪೊಟ್ಟಣ ತಗೊಂಡು ನಾನೂರು ಕೊಟ್ಟ, ಚೌಕಾಸಿ ಮಾಡಲಿಲ್ಲ. ಆದರೆ ಬಾಯಿ ಸುಮ್ಮನಿರಬೇಕಲ್ಲ.

“ಎಲ್ಲಿ ಸಿಗುತ್ತಕ್ಕಾ ಇದು?”

ಅಕ್ಕ ನನ್ನ ಮುಖ ನೋಡಿದರು. ನಾನು ರಸ್ತೆ ನೋಡಿದೆ.

“ಅದನ್ನ ನಾನು ನಮ್ಮ ಸೊಸೆಗೇ ಇನ್ನೂ ಹೇಳಿಲ್ಲ ಮಾರಾಯಾ” ಅಂತ ನಕ್ಕು, ಮೂರನೇ ಪೊಟ್ಟಣ ಕಟ್ಟೋಕೆ ಎಲೆ ಎತ್ತಿಕೊಂಡರು.